ಪಾಲಿಗೆ ಬಂದ ಅರ್ಧ ಅಜ್ಜಿ

ಕತ್ತರಿ ಅಲ್ಲ, ಬ್ಲೇಡು ಇರಬೇಕು. ಇಷ್ಟು ಹೊತ್ತೂ ಕತ್ತರಿ ಎಂದೇ ಬರೆಯುತ್ತಿದ್ದೆ. ಹೆಡ್‌ಮಾಸ್ಟರ್ ಮಾವ ಪಡಸಾಲೆಯ ಚಾಪೆಯ ಮೇಲೆ ಚಕ್ಕಂಬಕ್ಕಳ ಹಾಕಿ ಕೂತಿದ್ದರು, ನಮ್ಮಮ್ಮನ ಹೊಲಿಗೆಯ ಕತ್ತರಿಯಿಂದ ಫೋಟೋ ರಟ್ಟುಗಳನ್ನು ಒಂದೊಂದಾಗಿ ನಡುವೆ ಕತ್ತರಿಸುತ್ತಿದ್ದರು, ಗವಾಕ್ಷಿಯಿಂದ ಬಿದ್ದ ಬಿಸಿಲಿಗೆ ಕತ್ತರಿಯ ಅಲುಗು ಹೊಳೆಯುತ್ತಿತ್ತು ಎಂದು. ಆ ಹೊಳಪಿನ ಹತ್ತಿರ ಬಂದಾಗ ಅನುಮಾನ ಶುರುವಾಯಿತು. ಅಲುಗುಗಳು ಹೊಳೆಯುವುದು ಕಥೆಗಳಲ್ಲಿ. ನಮ್ಮಮ್ಮನ ಕತ್ತರಿ ಪಾಪ, ತುಕ್ಕು ಹಿಡಿದು ಬಟ್ಟೆಯನ್ನೇ ಅಗಿಯುತ್ತಿತ್ತು, ದಪ್ಪ ರಟ್ಟು ಅದಕ್ಕೆ ಬಗ್ಗುತ್ತಿರಲಿಲ್ಲ. ಮೇಲಾಗಿ ಈಗ ನನ್ನ ಮೇಜಿನ ಮೇಲಿರುವ ಚಿತ್ರಗಳ ಅಂಚು ಸ್ಕೇಲು ಒತ್ತಿ ಹಿಡಿದು ಎಳೆದ ಹಾಗೆ ನೇರವಾಗಿದೆ. ಆದ್ದರಿಂದ ಬ್ಲೇಡು. ಬ್ಲೇಡೇ ಆದರೆ ಕತ್ತರಿಯ ಹೊಳಪು ಹೋಯಿತು, ಹೊಳಪಿನ ಜೊತೆ ಬಿಸಿಲು ಹೋಯಿತು, ಬಿಸಿಲಿನ ಜೊತೆ ಗವಾಕ್ಷಿಯೂ ಹೋಯಿತು. ಕೊನೆಗೆ ಉಳಿದದ್ದು ಮುದುಕರೊಬ್ಬರು ಮತ್ತು ಒಂದು ಚಾಪೆ. ಅದನ್ನಾದರೂ ನಾನು ಕಣ್ಣಾರೆ ಕಂಡೆನೋ, ಅಥವಾ ಊಟಕ್ಕೆ ಕೂತಾಗಲೆಲ್ಲ ಅಮ್ಮ ಹೇಳುತ್ತಿದ್ದದ್ದನ್ನು ಕೇಳಿ ಕೇಳಿ ಕಂಡ ಹಾಗೆ ಮಾಡಿಕೊಂಡೆನೋ, ಆಣೆ ಮಾಡಿ ಹೇಳಲಾರೆ. ನನ್ನ ವಯಸ್ಸಿನವರಿಗೆ ಒಂದು ಸೌಕರ್ಯವಿದೆ. ನಮ್ಮ ಬಾಲ್ಯಕ್ಕೆ ಸಾಕ್ಷಿ ಹೇಳಬಲ್ಲವರು ಒಬ್ಬೊಬ್ಬರಾಗಿ ಕಡಿಮೆಯಾಗುತ್ತ ಹೋಗುತ್ತಾರೆ, ಆ ಲೆಕ್ಕಕ್ಕೆ ಬಾಲ್ಯ ವರ್ಷದಿಂದ ವರ್ಷಕ್ಕೆ ಚೆನ್ನಾಗುತ್ತ ಹೋಗುತ್ತದೆ.

ನೆನಪಿನ ಮೇಲೆ ಈ ಅಪನಂಬಿಕೆ ನನಗೆ ಇಂದು ನಿನ್ನೆಯದಲ್ಲ. ನಾನು ಬರೆಯುವ ಕಥೆಗಳಲ್ಲಿ ಮೊದಲು, ನಡು, ಕೊನೆ ಎಂಬುದು ಇರುವುದಿಲ್ಲ ಎಂದು ನನ್ನನ್ನು ಓದಿದ ಕೆಲವರು ದೂರಿದ್ದಾರೆ. ಪುಟಗಳನ್ನು ಹೇಗೆ ಬೇಕಾದರೂ ಜೋಡಿಸಿಕೊಂಡು ಯಾವ ಕ್ರಮದಲ್ಲಾದರೂ ಓದಬಹುದಾದ ಒಂದು ಕಾದಂಬರಿಯನ್ನೂ ಬರೆದೆ. ಓದುಗರು ಅದನ್ನು ಯಾವ ಕ್ರಮದಲ್ಲೂ ಓದಲಿಲ್ಲ. ನನ್ನ ಹೆಂಡತಿ ಸುಮಾ ಮಾತ್ರ ಒಮ್ಮೆ ಕೈಗೆತ್ತಿಕೊಂಡು, ಪುಟಗಳು ಜಾರಿ ನೆಲದ ತುಂಬ ಹರಡಿದಾಗ, "ಇದ್ರಲ್ಲಿ ಯಾವ್ದು ಮುಂದಿಂದು ಹೇಳ್ರೀ" ಎಂದಳು. ಯಾವುದೂ ಅಲ್ಲ ಎಂದು ನಾನು ಹೆಮ್ಮೆಯಿಂದ ಹೇಳಿದೆ. ಅವಳು ಎಲ್ಲವನ್ನೂ ಒಟ್ಟು ಮಾಡಿ ರಬ್ಬರ್ ಬ್ಯಾಂಡು ಹಾಕಿ ಕಪಾಟಿನಲ್ಲಿಟ್ಟಳು. ಹೀಗೆ ಎಡಕ್ಕೂ ಬಲಕ್ಕೂ ವ್ಯತ್ಯಾಸವಿಲ್ಲ ಎಂದು ಸಾಧಿಸಿಕೊಂಡು ಬಂದವನಿಗೆ, ಯಾವುದು ಎಡ ಯಾವುದು ಬಲ ಎಂಬ ಒಂದೇ ಪ್ರಶ್ನೆಯಿಂದ ಈ ವರ್ಷ ನಿದ್ದೆ ಕೆಟ್ಟಿತು.

ವಿಷಯಕ್ಕೆ ಬರುತ್ತೇನೆ. ನಮ್ಮ ತಾತ ಚಾಮರಾಜಪೇಟೆಯಲ್ಲಿದ್ದರು, ಸರ್ಕಾರಿ ಕಚೇರಿಯ ಗುಮಾಸ್ತರು. ಅವರ ಬಳಿ ಎರಡು ಕಣ್ಣಿನ ಕ್ಯಾಮೆರಾ ಒಂದಿತ್ತು. ದಂಡು ಪ್ರದೇಶದಲ್ಲಿದ್ದ ಒಬ್ಬ ಬಿಳಿಯ ದೊರೆ ಊರು ಬಿಟ್ಟು ಹೋಗುವಾಗ ಕೊಟ್ಟು ಹೋದದ್ದು ಎಂದು ಮನೆಯ ಕಥೆ. ನಮ್ಮ ಕಡೆ ಎಲ್ಲರ ಮನೆಯ ಎಲ್ಲ ಹಳೆಯ ವಸ್ತುಗಳೂ ಊರು ಬಿಟ್ಟು ಹೋಗುತ್ತಿದ್ದ ದೊರೆಯಿಂದಲೇ ಬಂದಿರುತ್ತವೆ, ಆದ್ದರಿಂದ ಇದನ್ನು ನಂಬಬೇಕಾದ್ದಿಲ್ಲ. ಆ ಕ್ಯಾಮೆರಾದಲ್ಲಿ ತೆಗೆದರೆ ಒಂದೇ ನೋಟದ ಎರಡು ಚಿತ್ರಗಳು ಅಕ್ಕಪಕ್ಕದಲ್ಲಿ ಮೂಡುತ್ತಿದ್ದವು. ಅವನ್ನು ಉದ್ದನೆಯ ರಟ್ಟಿಗೆ ಜೋಡಿಯಾಗಿ ಅಂಟಿಸಿ, ಮರದ ಹಿಡಿಯೂ ಎರಡು ಗಾಜುಗಳೂ ಇದ್ದ ಒಂದು ಉಪಕರಣದ ತುದಿಗೆ ಸಿಕ್ಕಿಸಿ, ಗಾಜಿಗೆ ಕಣ್ಣಿಟ್ಟು ನೋಡಬೇಕು. ಆಗ ಎರಡು ಚಿತ್ರ ಸೇರಿ ಒಂದಾಗಿ, ಹತ್ತಿರದ್ದು ಮುಂದಕ್ಕೆ ಬಂದು, ದೂರದ್ದು ಹಿಂದಕ್ಕೆ ಸರಿದು, ಮನುಷ್ಯರು ಕಾಗದ ಬಿಟ್ಟು ಎದ್ದು ನಿಲ್ಲುತ್ತಾರೆ. ಸ್ಟೀರಿಯೋಸ್ಕೋಪು ಎಂದು ಅದರ ಹೆಸರು. ನಮ್ಮ ಮನೆಯಲ್ಲಿ ಎಲ್ಲರೂ ದುರ್ಬೀನು ಎನ್ನುತ್ತಿದ್ದರು.

ತಾತ ತೀರಿಕೊಂಡ ಮೇಲೆ ಮನೆ ಪಾಲಾಯಿತು. ಅವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ನಮ್ಮಪ್ಪ ದೊಡ್ಡವರು, ಆಮೇಲೆ ಚಿಕ್ಕಪ್ಪ, ಕೊನೆಯವರು ಸರಸತ್ತೆ. ಅತ್ತೆ ಸ್ಕೂಲಿನಲ್ಲಿ ಟೀಚರಾಗಿದ್ದರು, ಮದುವೆ ಮಾಡಿಕೊಳ್ಳಲಿಲ್ಲ. ಅಣ್ಣತಮ್ಮಂದಿರು ಮಾತು ಬಿಟ್ಟಿದ್ದರಿಂದ ಮಧ್ಯಸ್ಥಿಕೆಗೆ ಅಮ್ಮನ ಕಡೆಯ ಹಿರಿಯರು, ನಿವೃತ್ತ ಹೆಡ್‌ಮಾಸ್ಟರ್ ಮಾವ ಬಂದರು. ನ್ಯಾಯವೆಂದರೆ ಅವರಿಗೆ ಪ್ರಾಣ. ಒರಳನ್ನು ಒಬ್ಬರಿಗೂ ಗುಂಡುಕಲ್ಲನ್ನು ಇನ್ನೊಬ್ಬರಿಗೂ ಕೊಟ್ಟರು ಎಂದು ಅಮ್ಮ ಹೇಳುತ್ತಿದ್ದಳು. ಅದು ಅಮ್ಮನ ಒಗ್ಗರಣೆ ಇರಬಹುದು. ಆದರೆ ರಟ್ಟುಗಳ ವಿಷಯ ಮಾತ್ರ ನಿಜ, ಅದಕ್ಕೆ ಸಾಕ್ಷಿ ನನ್ನ ಮೇಜಿನ ಮೇಲೇ ಇದೆ. ಪೆಟ್ಟಿಗೆ ತೆರೆದು ನೋಡಿದ ಮಾವನಿಗೆ ಪ್ರತಿ ರಟ್ಟಿನ ಮೇಲೂ ಒಂದೇ ಫೋಟೋದ ಎರಡು ಪ್ರತಿ ಕಂಡವು. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು, ನಿಮ್ಮ ತಂದೆ ಎಂಥ ದೂರದೃಷ್ಟಿ ಇದ್ದವರು, ಇಬ್ಬರು ಮಕ್ಕಳು ಮುಂದೆ ಜಗಳವಾಡಬಾರದೆಂದು ಆಗಲೇ ಎರಡೆರಡು ಮಾಡಿ ಇಟ್ಟಿದ್ದಾರೆ ಎಂದರಂತೆ. ಆಮೇಲೆ ಕತ್ತರಿ, ಅಂದರೆ ಬ್ಲೇಡು, ತರಿಸಿದರು. ದೊಡ್ಡವನಿಗೆ ಯಾವಾಗಲೂ ಎಡಗಡೆಯದೇ ಹೋದರೆ ಪಕ್ಷಪಾತವಾದೀತೆಂದು ಒಂದು ಸಲ ಎಡದ್ದು, ಒಂದು ಸಲ ಬಲದ್ದು ಹಂಚಿದರು. ಉಳಿದದ್ದು ದುರ್ಬೀನು. ಅದನ್ನು ಎರಡು ಮಾಡಲು ಆಗಲಿಲ್ಲ. ಆಟದ ಸಾಮಾನು, ಸರಸಳ ಹತ್ತಿರ ಇರಲಿ ಎಂದು ಅತ್ತೆಗೆ ಕೊಟ್ಟರು.

ಅಪ್ಪನಿಗಾಗಲಿ ಚಿಕ್ಕಪ್ಪನಿಗಾಗಲಿ ಅದು ಏನೆಂದು ಗೊತ್ತಿರಲಿಲ್ಲವೇ ಎಂದು ನೀವು ಕೇಳಬಹುದು. ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಆದರೆ ಮೊದಲು ಬಾಯಿ ತೆರೆದವನು ರಟ್ಟುಗಳನ್ನು ಇಡಿಯಾಗಿ ತಾನೇ ಹೊಡೆದುಕೊಳ್ಳಲು ನೋಡುತ್ತಿದ್ದಾನೆ ಎಂದಾಗುತ್ತಿತ್ತು. ಹಾಗಾಗಿ ಇಬ್ಬರೂ ಗೋಡೆ ನೋಡುತ್ತ ಕೂತಿದ್ದರು. ಅತ್ತೆಯನ್ನು ಯಾರೂ ಕೇಳಲಿಲ್ಲ. ನೀವೆಲ್ಲಿದ್ದಿರಿ ಎಂದು ಈಚೆಗೆ ನಾನು ಕೇಳಿದಾಗ, "ಒಳಗೆ ಕಾಫಿ ಸೋಸ್ತಿದ್ದೆ" ಎಂದರು. ಅಷ್ಟೇ.

ಪಾಲಾದ ಮೇಲೆ ಚಿಕ್ಕಪ್ಪ ಮಲ್ಲೇಶ್ವರದ ಪಕ್ಕ ವೈಯಾಲಿಕಾವಲ್‌ಗೆ ಹೋದರು, ಅತ್ತೆಯೂ ಅವರ ಜೊತೆ ಹೋದರು. ನಾವು ಚಾಮರಾಜಪೇಟೆಯಲ್ಲೇ ಉಳಿದೆವು. ಅಂದಿನಿಂದ ನಮ್ಮ ಅಟ್ಟದ ಮೇಲಿನ ಬಿಸ್ಕತ್ತಿನ ಡಬ್ಬಿಯಲ್ಲಿ ಅರ್ಧರ್ಧ ಚಿತ್ರಗಳಿದ್ದವು. ಅವರ ಮನೆಯಲ್ಲಿ ಉಳಿದರ್ಧ. ನೋಡುವ ಉಪಕರಣ ಮಾತ್ರ ಚಿತ್ರವೇ ಇಲ್ಲದವರ ಕೈಯಲ್ಲಿ. ಅತ್ತೆ ಅದರ ಗಾಜಿನಲ್ಲಿ ಪಂಚಾಂಗದ ಸಣ್ಣ ಅಕ್ಷರ ಓದುತ್ತಿದ್ದರು. ಅವರು ಅದನ್ನು ಹಿಡಿದು ತಿಥಿ ನಕ್ಷತ್ರ ಹುಡುಕುತ್ತಿದ್ದುದನ್ನು ನಾನು ಬೇಕಾದಷ್ಟು ಸಲ ನೋಡಿದ್ದೇನೆ. ಆದರೂ ಡಬ್ಬಿಗೂ ದುರ್ಬೀನಿಗೂ ಸಂಬಂಧವಿದೆ ಎಂದು ನನಗೆ ಹೊಳೆಯಲಿಲ್ಲ. ಪ್ರಯೋಗಶೀಲ ಲೇಖಕನಾಗಿ ನಾನು ಆಗ ಸಂಬಂಧಗಳನ್ನು ಕಡಿಯುವುದರಲ್ಲಿ ನಿರತನಾಗಿದ್ದೆ.

ಈ ವರ್ಷ ಸುಮಾ ಅಟ್ಟ ಗುಡಿಸುತ್ತ ಡಬ್ಬಿಯನ್ನು ಕೆಳಗಿಳಿಸಿ, ಇದನ್ನು ಇಟ್ಟುಕೊಳ್ಳುವುದೋ ಕೊಟ್ಟುಬಿಡುವುದೋ ಎಂದು ಕೇಳಿದಳು. ತೆರೆದು ನೋಡಿದೆ: ಲಾಲ್‌ಬಾಗಿನ ಬಂಡೆ, ಕೆರೆ ಏರಿ, ಜಟಕಾ ಗಾಡಿ. ಇವುಗಳ ಕೆಳಗೆ ಒಬ್ಬ ಹೆಂಗಸು. ಹಜಾರದ ಕಂಬಕ್ಕೆ ಒಂದು ಕೈ ಆನಿಸಿ ನಿಂತಿದ್ದಾಳೆ, ಹಿಂದೆ ಅರ್ಧ ತೆರೆದ ಬಾಗಿಲು, ಮುಂದೆ ಕ್ರೋಟನ್ ಗಿಡದ ಕುಂಡ. ನಮ್ಮಜ್ಜಿ. ಸರಸತ್ತೆ ಕೈಕೂಸಾಗಿದ್ದಾಗಲೇ ಹೋದವಳು. ಅವಳು ಹೋದ ಮೇಲೆ ತಾತ ಕ್ಯಾಮೆರಾ ಮುಟ್ಟಲಿಲ್ಲ, ಪೆಟ್ಟಿಗೆಗೆ ಬೀಗ ಹಾಕಿದರು, ಮಕ್ಕಳಿಗೆ ಆ ರಟ್ಟುಗಳನ್ನು ಮತ್ತೆ ತೋರಿಸಲಿಲ್ಲ. ಗೋಡೆಯ ಮೇಲೊಂದು ಅಜ್ಜಿಯ ಪಟವಿತ್ತು ನಿಜ, ಆದರೆ ಅದನ್ನು ಸ್ಟುಡಿಯೋದವನು ಬಣ್ಣ ತೀಡಿ ತೀಡಿ ಯಾರ ಅಜ್ಜಿ ಬೇಕಾದರೂ ಆಗಬಹುದು ಎನ್ನುವ ಹಾಗೆ ಮಾಡಿಟ್ಟಿದ್ದ. ನಾನು ಅತ್ತೆಗೆ ಫೋನ್ ಮಾಡಿ, ನಮ್ಮ ಮನೆಯಲ್ಲಿ ಅಜ್ಜಿಯ ಫೋಟೋ ಇನ್ನೊಂದು ಸಿಕ್ಕಿದೆ ಎಂದೆ. ಅವರು ಹೇಳಿದರು: "ಕಂಬ ಹಿಡ್ಕೊಂಡು ನಿಂತಿರೋದಾ? ಅದ್ರ ಜೊತೇದು ಇಲ್ಲಿ ದೇವ್ರ ಮನೇಲಿದೆ ಕಣೋ. ಎರಡೂ ಒಟ್ಟಿಗೆ ಇಟ್ರೆ ಅಮ್ಮ ಎದ್ದು ನಿಲ್ತಾಳೆ ಅಂತ ನಿಮ್ಮಪ್ಪ ಹೇಳ್ತಿದ್ದ. ನಾನು ನೋಡೇ ಇಲ್ಲ."

ಅವರಿಗೆ ಎಂಬತ್ತು ದಾಟಿದೆ. ಬಲಗಣ್ಣಿಗೆ ಪೊರೆ ಬಂದು, ಮುಂದಿನ ವಾರ ಆಪರೇಷನ್ ಎಂದು ನಿಗದಿಯಾಗಿತ್ತು. ಡಾಕ್ಟರು ಇದೇನೂ ದೊಡ್ಡದಲ್ಲ ಎಂದಿದ್ದರು. ಅತ್ತೆ ಮಾತ್ರ, ದೊಡ್ಡದಲ್ಲ ಎಂದು ಹೇಳುವವರ ಕಣ್ಣೇನೂ ಹೋಗುವುದಿಲ್ಲವಲ್ಲ ಎಂದು ಅಂಜಿಕೊಂಡಿದ್ದರು. ಆಪರೇಷನ್ ಆದ ಮೇಲೆ ಏನಾಗುತ್ತದೋ, ಅದಕ್ಕೆ ಮುಂಚೆ ಒಂದು ಸಲ ತೋರಿಸಿಬಿಡು ಎಂದರು. ನನ್ನನ್ನು ಯಾರೂ ಯಾವುದಕ್ಕೂ ಹೀಗೆ ಕೇಳಿದ್ದಿಲ್ಲ. ನಾನು ಆ ಗಳಿಗೆಯಲ್ಲೇ ತಜ್ಞನಾಗಿಬಿಟ್ಟೆ.

ತಜ್ಞನಾಗುವುದೆಂದರೆ ಈ ಕಾಲದಲ್ಲಿ ಒಂದು ರಾತ್ರಿ ಮೊಬೈಲು ನೋಡುವುದು. ನನಗೆ ತಿಳಿದದ್ದನ್ನು ನಿಮಗೂ ಹೇಳಿಬಿಡುತ್ತೇನೆ, ಸುಮಾ ಕೇಳಲಿಲ್ಲ. ಈ ಜೋಡಿ ಚಿತ್ರದ ವಿದ್ಯೆ ಫೋಟೋಗಿಂತ ಹಳೆಯದು. ಇಂಗ್ಲೆಂಡಿನ ಒಬ್ಬ ವಿಜ್ಞಾನಿಗೆ, ನಮ್ಮ ಎರಡು ಕಣ್ಣುಗಳು ಒಂದೇ ವಸ್ತುವನ್ನು ಸ್ವಲ್ಪ ಬೇರೆ ಬೇರೆಯಾಗಿ ನೋಡುತ್ತವೆ, ಆ ವ್ಯತ್ಯಾಸದಿಂದಲೇ ನಮಗೆ ಆಳ ತಿಳಿಯುತ್ತದೆ ಎಂದು ಹೊಳೆಯಿತು. ಎಡಗಣ್ಣಿಗೊಂದು, ಬಲಗಣ್ಣಿಗೊಂದು ಗೆರೆಚಿತ್ರ ಬರೆದು, ಎರಡು ಕನ್ನಡಿ ಇಟ್ಟು ನೋಡಿದ. ಕಾಗದದ ಮೇಲಿದ್ದ ಚೌಕ ಪೆಟ್ಟಿಗೆಯಾಗಿ ಎದ್ದು ಕೂತಿತು. ಫೋಟೋ ತೆಗೆಯುವ ವಿದ್ಯೆ ಲೋಕಕ್ಕೆ ತಿಳಿದದ್ದು ಅದಾದ ಮೇಲೆ. ಹಾಗಾಗಿ ಮೂರು ಆಯಾಮದ ಫೋಟೋಗೆ ನೋಡುವ ಉಪಕರಣ ಮೊದಲು ಹುಟ್ಟಿ, ನೋಡಬೇಕಾದ ಫೋಟೋ ಆಮೇಲೆ ಹುಟ್ಟಿತು. ಆಮೇಲೆ ಇನ್ನೊಬ್ಬ ವಿಜ್ಞಾನಿ ಕನ್ನಡಿಯ ಬದಲು ಗಾಜು ಹಾಕಿ ಉಪಕರಣವನ್ನು ಚಿಕ್ಕದು ಮಾಡಿದ. ಅವರ ರಾಣಿ ಒಂದು ದೊಡ್ಡ ಪ್ರದರ್ಶನದಲ್ಲಿ ಅದನ್ನು ನೋಡಿ ಮೆಚ್ಚಿದಳು, ಮೆಚ್ಚಿದ ಮೇಲೆ ಎಲ್ಲರ ಮನೆಗೂ ಬೇಕಾಯಿತು. ಅಮೆರಿಕದ ಒಬ್ಬ ವೈದ್ಯ ಕೈಯಲ್ಲಿ ಹಿಡಿಯುವ ಹಗುರವಾದ ಮರದ ಮಾದರಿ ಮಾಡಿ, ಯಾರು ಬೇಕಾದರೂ ಮಾಡಿಕೊಳ್ಳಲಿ ಎಂದು ಹಕ್ಕು ಕಾಯ್ದಿರಿಸದೆ ಬಿಟ್ಟುಬಿಟ್ಟ. ನಮ್ಮ ತಾತನ ದುರ್ಬೀನು ಆ ವಂಶದ್ದು. ಮನೆಯಿಂದ ಹೊರಗೆ ಕಾಲಿಡದ ಜನ ಕುರ್ಚಿಯಲ್ಲಿ ಕೂತು ಪಿರಮಿಡ್ಡಿನ ಮುಂದೆ ನಿಂತರು.

ಇದರಲ್ಲಿ ನನಗೆ ತುಂಬ ಹಿಡಿಸಿದ ಸಂಗತಿ ಇನ್ನೊಂದು. ಎರಡು ಕಣ್ಣಿನ ಕ್ಯಾಮೆರಾದ ನೆಗೆಟಿವ್‌ನಿಂದ ನೇರವಾಗಿ ಅಚ್ಚು ತೆಗೆದರೆ ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ ಬಂದಿರುತ್ತದೆ. ಆದ್ದರಿಂದ ಪ್ರತಿಯೊಂದು ಜೋಡಿಯನ್ನೂ ಮೊದಲೇ ಕತ್ತರಿಸಿ, ಅದಲುಬದಲು ಮಾಡಿ ಅಂಟಿಸಬೇಕಿತ್ತು. ಅಂದರೆ ಹೆಡ್‌ಮಾಸ್ಟರ್ ಮಾವನಿಗಿಂತ ಮುಂಚೆ ತಾತನೇ ಕತ್ತರಿಸಿದ್ದರು. ತಾತ ಸರಿಯಾಗಿ ಅದಲುಬದಲು ಮಾಡಿದ್ದರೋ, ಎಲ್ಲೋ ಒಂದೆರಡರಲ್ಲಿ ಅವರೂ ಎಡವಿದ್ದರೋ, ಯಾರಿಗೆ ಗೊತ್ತು. ತಪ್ಪಾಗಿ ಜೋಡಿಸಿದರೆ ಏನಾಗುತ್ತದೆಂದರೆ, ಆಳ ತಿರುಗುಮುರುಗಾಗುತ್ತದೆ. ಹಿಂದಿನ ಗೋಡೆ ಮುಂದಕ್ಕೆ ನುಗ್ಗುತ್ತದೆ, ಮುಂದೆ ನಿಂತವರು ಅದರ ಹಿಂದಿನ ಗುಂಡಿಯಲ್ಲಿ ಸಿಕ್ಕಿಕೊಂಡ ಹಾಗೆ ಕಾಣುತ್ತಾರೆ.

ಎರಡು ಮನೆಗಳ ಎರಡು ನೆನಪು, ಎರಡನ್ನೂ ಕೂಡಿಸಿದರೆ ಸತ್ಯಕ್ಕೆ ಆಳ ಬರುತ್ತದೆ. ಇಂಥದೊಂದು ವಾಕ್ಯ ಆಗಿನಿಂದ ಚಪ್ಪಲಿ ಬಿಟ್ಟು ಬಾಗಿಲಲ್ಲಿ ನಿಂತು ಕಾಯುತ್ತಿದೆ. ನಾನು ಒಳಕ್ಕೆ ಕರೆಯುವುದಿಲ್ಲ. ನಮ್ಮ ಮನೆಯ ನೆನಪನ್ನೂ ಚಿಕ್ಕಪ್ಪನ ಮನೆಯ ನೆನಪನ್ನೂ ಕೂಡಿಸಿದಾಗಲೆಲ್ಲ ಬಂದದ್ದು ಆಳವಲ್ಲ, ಜಗಳ. ಚಿಕ್ಕಪ್ಪನ ಮಗ ಶ್ರೀಕಂಠನ ಪ್ರಕಾರ ರಟ್ಟು ಕತ್ತರಿಸಲು ಹೇಳಿದ್ದು ನಮ್ಮಪ್ಪ, ಮಾವನ ತಪ್ಪು ಏನೂ ಇಲ್ಲ. ಅವನು ನನಗಿಂತ ಚಿಕ್ಕವನು, ಆಗ ತೊಟ್ಟಿಲಲ್ಲಿದ್ದ. ಆದರೂ ಅವನಿಗೆ ಅಪ್ಪನ ಷರಟಿನ ಬಣ್ಣವೂ ನೆನಪಿದೆ.

ವೈಯಾಲಿಕಾವಲ್‌ಗೆ ನಾನು ಡಬ್ಬಿ ಹಿಡಿದುಕೊಂಡು ಹೋದಾಗ ತೊಡಕು ಬೇರೆ ಕಡೆಯಿಂದ ಬಂತು. ಅಲ್ಲಿ ಅಜ್ಜಿಯ ಉಳಿದರ್ಧ ಸುಮ್ಮನೆ ಇರಲಿಲ್ಲ. ಚಿಕ್ಕಪ್ಪ ಅದಕ್ಕೆ ಕಟ್ಟು ಹಾಕಿಸಿ ದೇವರ ಮನೆಯಲ್ಲಿಟ್ಟಿದ್ದರು. ಪ್ರತಿವರ್ಷ ತಿಥಿಯ ದಿನ ಇಳಿಸಿ, ಒರೆಸಿ, ಗಂಧ ಕುಂಕುಮ ಇಟ್ಟು, ಹಾರ ಹಾಕುತ್ತಿದ್ದರು. ಹೀಗೆ ನಮ್ಮ ಅಟ್ಟದ ಮೇಲಿದ್ದ ಅಜ್ಜಿ ಬಿಸ್ಕತ್ತಿನ ವಾಸನೆಯಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಇಲ್ಲಿನ ಅಜ್ಜಿ ದೀಪದ ಹೊಗೆಯಲ್ಲಿ ಮಂಕಾಗಿ ದೇವತೆಯಾಗಿದ್ದಳು. ಶ್ರೀಕಂಠನ ಹೆಂಡತಿ ಉಷಾ ಒಳ್ಳೆಯವಳು, ಆದರೆ ದೇವರ ಮನೆಯ ಪಟವನ್ನು ತಿಥಿಯಲ್ಲದ ದಿನ ಇಳಿಸುವುದು, ಅದೂ ಕಟ್ಟು ಬಿಚ್ಚುವುದು, ನಮ್ಮಲ್ಲಿಲ್ಲ ಎಂದಳು. ಶ್ರೀಕಂಠ ಮೊಬೈಲಿನಲ್ಲಿ ಒಂದು ಫೋಟೋ ಹೊಡೆದುಕೊಡುತ್ತೇನೆ ಎಂದ. ಗಾಜಿನ ಮೇಲೆ ಟ್ಯೂಬ್‌ಲೈಟೂ ಅವನ ಹೊಟ್ಟೆಯೂ ಬಂದವು. ನಾನು ಎರಡು ಕಣ್ಣಿನ ಸಿದ್ಧಾಂತವನ್ನು ಮೊದಲಿನಿಂದ ವಿವರಿಸಿದೆ. ಒಳ್ಳೆಯ ದಿನ ನೋಡಿ ಮಾಡೋಣ ಎಂದು ಅವನು ಪಂಚಾಂಗ ತೆಗೆದ. ಮುಂದಿನ ವಾರದವರೆಗೆ ಯಾವುದೂ ಕೂಡಿಬರಲಿಲ್ಲ.

ಸರಸತ್ತೆ ಅಷ್ಟು ಹೊತ್ತೂ ಕುರ್ಚಿಯಲ್ಲಿ ಕೂತು ಅವರೆಕಾಳು ಹಿತುಕುತ್ತಿದ್ದರು. ತಲೆಯೆತ್ತದೆ ಹೇಳಿದರು: "ನಮ್ಮಮ್ಮ ನನ್ನ ನೋಡಕ್ಕೆ ಬರೋಕೆ ಮುಹೂರ್ತ ಬೇಕೇನೋ ಶ್ರೀಕಂಠ? ಹೋಗುವಾಗ ಯಾವ ಮುಹೂರ್ತ ಕೇಳಿದ್ಳು ಅವ್ಳು?"

ಉಷಾ ಎದ್ದು ಹೋಗಿ ಕೈಕಾಲು ತೊಳೆದು ಬಂದು ಪಟ ಇಳಿಸಿಕೊಟ್ಟಳು. ಕಟ್ಟಿನ ಹಿಂದಿನ ಮೊಳೆಗಳನ್ನು ಶ್ರೀಕಂಠ ಬಿಚ್ಚಿದ. ಅಜ್ಜಿಯ ಹಣೆಯ ಮೇಲೆ ನಿಜವಾದ ಕುಂಕುಮ ಇತ್ತು. ಯಾವುದೋ ವರ್ಷ ಗಾಜು ಒಡೆದು ಹೋಗಿ, ಹೊಸ ಗಾಜು ಬರುವ ಮೊದಲು ತಿಥಿ ಬಂದು, ಚಿಕ್ಕಮ್ಮ ನೇರವಾಗಿ ಫೋಟೋಗೇ ಇಟ್ಟಿದ್ದರಂತೆ. ಅದು ಕಾಗದಕ್ಕೆ ಇಳಿದು ಅಲ್ಲೇ ಉಳಿದಿತ್ತು. ನಾನು ನಮ್ಮ ಅರ್ಧವನ್ನೂ ಅವರ ಅರ್ಧವನ್ನೂ ದುರ್ಬೀನಿನ ತುದಿಯ ತಂತಿಗೆ ಅಕ್ಕಪಕ್ಕ ಸಿಕ್ಕಿಸಿದೆ. ನಮ್ಮಪ್ಪ ದೊಡ್ಡವರು, ಆದ್ದರಿಂದ ನಮ್ಮದು ಎಡಕ್ಕಿರಲಿ ಎಂದುಕೊಂಡೆ. ಮೊದಲು ನಾನೊಮ್ಮೆ ನೋಡಿ ಸರಿಮಾಡಬೇಕು ಎಂಬ ಯೋಚನೆ ಇತ್ತು. ಆದರೆ ಅತ್ತೆ ಆಗಲೇ ಕೈ ಚಾಚಿದ್ದರು. ಅವರೆಕಾಯಿಯ ಸೊಗಡಿನ ಆ ಕೈಗೆ ಕೊಡದೆ ಇರಲು ಆಗಲಿಲ್ಲ.

ಅವರು ಕನ್ನಡಕ ತೆಗೆದು, ದುರ್ಬೀನನ್ನು ಮುಖಕ್ಕೆ ಒತ್ತಿಕೊಂಡು, ಕಿಟಕಿಯ ಬೆಳಕಿಗೆ ತಿರುಗಿದರು. ಚಿತ್ರ ಸಿಕ್ಕಿಸಿದ್ದ ಜಾರುವ ಪಟ್ಟಿಯನ್ನು ಒಂದಿಷ್ಟು ಹಿಂದೆ, ಒಂದಿಷ್ಟು ಮುಂದೆ ಸರಿಸಿದರು. ಆಮೇಲೆ ಅಲುಗಾಡಲಿಲ್ಲ. ಏನಾದರೂ ಹೇಳಿಯಾರು ಎಂದು ನಾವು ಮೂವರೂ ನಿಂತೇ ಇದ್ದೆವು. ಬೀದಿಯಲ್ಲಿ ಸೊಪ್ಪಿನವಳು ಕೂಗಿಕೊಂಡು ಹೋದಳು, ಉಷಾ ಸೊಪ್ಪು ಕೊಳ್ಳಲೂ ಹೋಗಲಿಲ್ಲ. ಕೊನೆಗೆ ಅತ್ತೆ, ದುರ್ಬೀನು ಇಳಿಸದೆ, ತಮಗೆ ತಾವೇ ಹೇಳಿಕೊಳ್ಳುವ ಹಾಗೆ, "ಮುಂದಕ್ಕೆ ಬಂದ್ಳು" ಎಂದರು. ಆಮೇಲೆ, "ಇಷ್ಟೇ ಎತ್ತರ ಏನೋ ಇವ್ಳು. ನನ್ನಷ್ಟೇ ಇದ್ದಾಳೆ" ಎಂದರು.

ಅಲ್ಲಿಗೇ ನಾನು ಡಬ್ಬಿ ಮುಚ್ಚಿಕೊಂಡು ಮನೆಗೆ ಬಂದಿದ್ದರೆ ಈ ಪ್ರಬಂಧ ಇರುತ್ತಿರಲಿಲ್ಲ. ಆದರೆ ತಜ್ಞನಿಗೆ ನೋಡದೆ ಇರಲು ಆದೀತೇ? ಅತ್ತೆ ಕೆಳಗಿಟ್ಟ ಮೇಲೆ ನಾನು ಎತ್ತಿ ಕಣ್ಣಿಗೆ ಹಿಡಿದೆ. ಇಬ್ಬರು ಅಜ್ಜಿಯರು ಮೆಲ್ಲಗೆ ಜಾರಿ ಒಬ್ಬಳಾದರು, ಹಣೆಯ ಕುಂಕುಮ ಒಂದು ಕಣ್ಣಿಗೆ ಮಾತ್ರ ಸಿಕ್ಕುವುದರಿಂದ ಮಿಣಮಿಣ ಎನ್ನುತ್ತಿತ್ತು, ಆಮೇಲೆ ಆಳ ತೆರೆಯಿತು. ತಪ್ಪಾಗಿ ತೆರೆಯಿತು. ಹಿಂದಿನ ಬಾಗಿಲು ಕಾಗದದಲ್ಲಿ ಕತ್ತರಿಸಿದ ಹಾಗೆ ನನ್ನ ಮೂಗಿನ ಮುಂದೆ ತೇಲಿತು. ಕ್ರೋಟನ್ ಕುಂಡ ಎಲ್ಲೋ ಹಿತ್ತಲಿಗೆ ಹೋಗಿಬಿಟ್ಟಿತ್ತು. ಅಜ್ಜಿ ಬಾಗಿಲಿನ ಹಿಂದೆ, ಗೋಡೆಯೊಳಗೆ ಕೊರೆದ ಗೂಡಿನಲ್ಲಿ ನಿಂತಿದ್ದಳು. ನಾನು ಎಡಬಲ ಅದಲುಬದಲು ಸಿಕ್ಕಿಸಿದ್ದೆ. ಶ್ರೀಕಂಠನಿಗೆ ಕೊಟ್ಟೆ. ಅವನೂ ನೋಡಿ, "ಲೋ, ಅಜ್ಜಿ ಗೋಡೆ ಒಳಗಿದಾಳಲ್ಲೋ" ಎಂದು ನನ್ನ ಕಿವಿಯಲ್ಲಿ ಹೇಳಿದ.

ಇದನ್ನು ಅತ್ತೆಗೆ ಹೇಳಬಾರದು ಎಂಬುದು ಶ್ರೀಕಂಠನಿಗೆ ಗೊತ್ತಾಯಿತು, ಉಷಾಗೂ ಗೊತ್ತಾಯಿತು. ಎರಡು ಕಣ್ಣಿನ ಸಿದ್ಧಾಂತ ಗೊತ್ತಿದ್ದ ನನಗೊಬ್ಬನಿಗೆ ಗೊತ್ತಾಗಲಿಲ್ಲ. ನಾನು ಚಿತ್ರಗಳನ್ನು ತೆಗೆದು ಸರಿಯಾಗಿ ಸಿಕ್ಕಿಸಿದೆ. ಇನ್ನೊಮ್ಮೆ ನೋಡಿದೆ. ಈಗ ಕುಂಡ ಮುಂದೆ, ಅಜ್ಜಿ ಅದರ ಹಿಂದೆ, ಕಂಬದ ಮೇಲೆ ದುಂಡಗಿನ ಕೈ, ಬಾಗಿಲು ತನ್ನ ಜಾಗದಲ್ಲಿ. ಎಷ್ಟು ಚೆನ್ನಾಗಿತ್ತೆಂದರೆ ತಡೆಯಲಾರದೆ ಅತ್ತೆಯ ಕಡೆ ತಿರುಗಿದೆ. ಅತ್ತೆ, ಮೊದಲಿಟ್ಟಿದ್ದು ತಪ್ಪಾಗಿತ್ತು, ಈಗ ಸರಿಯಾಗಿದೆ, ಈಗ ನೋಡಿ ಎಂದು ಕೊಟ್ಟೆ. ಅವರು ನೋಡಿದರು. ಮತ್ತೆ ಪಟ್ಟಿ ಸರಿಸಿದರು, ಮತ್ತೆ ಬೆಳಕಿಗೆ ತಿರುಗಿದರು. ಆಮೇಲೆ ಮೆಲ್ಲಗೆ ಇಳಿಸಿ ನನ್ನ ಕೈಗೆ ಕೊಟ್ಟು, "ಮೊದ್ಲೇ ಚೆನ್ನಾಗಿತ್ತು" ಎಂದರು. ಅವರೆಕಾಳಿನ ಪಾತ್ರೆಯನ್ನು ಮಡಿಲಿಗೆ ಎಳೆದುಕೊಂಡರು.

ನಾನು ವಾದ ಮಾಡಿದೆ. ಈಗ ನೆನೆಸಿಕೊಂಡರೆ ಮೈ ಮುದುಡುತ್ತದೆ. ಎಂಬತ್ತು ದಾಟಿದ ಹೆಂಗಸಿನ ಮುಂದೆ ಕೂತು, ಬೆರಳುಗಳನ್ನು ಮುಂದೆ ಹಿಂದೆ ಹಿಡಿದು, ಒಂದು ಕಣ್ಣು ಮುಚ್ಚಿ ಒಂದು ತೆರೆದು, ಮೊದಲು ಕಂಡದ್ದು ಹೇಗೆ ತಪ್ಪು ಎಂದು ಸಾಬೀತು ಮಾಡಿದೆ. ಅವರು ಪಾಠ ಒಪ್ಪಿಸುವ ಮಕ್ಕಳನ್ನು ನೋಡುವ ಹಾಗೆ ನನ್ನನ್ನು ನೋಡುತ್ತಿದ್ದು, ಮುಗಿದ ಮೇಲೆ ಕಾಫಿ ಕುಡಿಯುತ್ತೀಯಾ ಎಂದು ಕೇಳಿದರು. ಹೊರಡುವಾಗ ಶ್ರೀಕಂಠ ಗೇಟಿನ ತನಕ ಬಂದ. ಅತ್ತೆಯ ಎಡಗಣ್ಣು ಚಿಕ್ಕಂದಿನಿಂದಲೇ ಅಷ್ಟು ಕಾಣುವುದಿಲ್ಲ ಎಂದು ಅವನಮ್ಮ ಹೇಳುತ್ತಿದ್ದ ನೆನಪು ಎಂದ. ಒಂದೇ ಕಣ್ಣಿನವರಿಗೆ ದುರ್ಬೀನಿನಲ್ಲಿ ಆಳವೇ ಕಾಣುವುದಿಲ್ಲ, ಎಡಬಲ ಹೇಗಿಟ್ಟರೂ ಬರೀ ಚಪ್ಪಟೆ ಚಿತ್ರ. ನಾನು ಅವನ ತೋಳು ಹಿಡಿದು, "ಹೇಳ್ತಿದ್ದ ನೆನಪಾ, ಇಲ್ಲಾ ಹೇಳಿದ್ರಾ?" ಎಂದು ಕೇಳಿದೆ. ಅವನು ಯೋಚಿಸಿ, "ಅದು ಸರಸತ್ತೇನೋ, ನಮ್ಮಮ್ಮನ ಅಕ್ಕನೋ, ಈಗ ಕನ್‌ಫ್ಯೂಸ್ ಆಗ್ತಿದೆ ಕಣೋ" ಎಂದ. ಅಪ್ಪನ ಷರಟಿನ ಬಣ್ಣ ನೆನಪಿಟ್ಟುಕೊಂಡವನು.

ಮನೆಗೆ ಬಂದವನೇ ನಾನು ಎರಡು ಅರ್ಧಗಳನ್ನೂ ಒಂದು ಹೊಸ ರಟ್ಟಿನ ಮೇಲೆ, ಸರಿಯಾದ ಕ್ರಮದಲ್ಲಿ, ಗಟ್ಟಿ ಗೋಂದು ಹಾಕಿ ಅಂಟಿಸಿದೆ. ಉಷಾಳ ಒಪ್ಪಿಗೆ ಪಡೆದೇ ತಂದಿದ್ದೆ. ಇನ್ನು ಯಾವ ಹೆಡ್‌ಮಾಸ್ಟರೂ ಇದನ್ನು ಬೇರೆ ಮಾಡಲಾರ ಎಂದು ಮೇಲೆ ನಿಘಂಟು ಹೇರಿ ಒಣಗಲು ಬಿಟ್ಟೆ. ಯಾವ ಕ್ರಮದಲ್ಲಾದರೂ ಓದಬಹುದಾದ ಕಾದಂಬರಿ ಬರೆದವನು ಜೀವಮಾನದಲ್ಲಿ ಮೊದಲ ಸಲ ಒಂದು ಕ್ರಮವನ್ನು ಶಾಶ್ವತ ಮಾಡಿದೆ. ಸುಮಾ ನೋಡಿ, "ಅತ್ತೇನ ಒಂದ್ಮಾತು ಕೇಳಿದ್ರಾ?" ಎಂದಳು. ಇದರಲ್ಲಿ ಕೇಳುವುದೇನಿದೆ ಎಂದೆ.

ಆಪರೇಷನ್ ಚೆನ್ನಾಗಿ ಆಯಿತು. ಎಡಗಣ್ಣಿನ ವಿಷಯ ಡಾಕ್ಟರನ್ನು ಕೇಳು ಎಂದು ಶ್ರೀಕಂಠನಿಗೆ ಹೇಳಿ ಕಳಿಸಿದ್ದೆ. ಅವನು ಪಾರ್ಕಿಂಗ್ ಹುಡುಕುವ ಗಡಿಬಿಡಿಯಲ್ಲಿ ಮರೆತ. ಕಣ್ಣಿನ ಪಟ್ಟಿ ಬಿಚ್ಚಿ, ಕಪ್ಪು ಕನ್ನಡಕದ ದಿನಗಳೂ ಮುಗಿದ ಮೇಲೆ ಅತ್ತೆ ಫೋನ್ ಮಾಡಿ, ಅಮ್ಮನ ಫೋಟೋ ತಗೊಂಡು ಬಾ ಎಂದರು. ಹೋದೆ. ಅವರು ಹೊಸ ಬೆಳಕಿನಲ್ಲಿ ಬಹಳ ಹೊತ್ತು ನೋಡಿದರು. ಸೀರೆಯ ಅಂಚಿನ ಗೆರೆ, ಬಳೆ, ಕಂಬದ ಮೇಲೆ ಉದುರಿದ ಸುಣ್ಣ, ಒಂದೊಂದನ್ನೂ ಹೇಳಿದರು. ಚೆನ್ನಾಗಿದೆ ಎಂದರು. ಆಮೇಲೆ ರಟ್ಟನ್ನು ತಂತಿಯಿಂದ ಬಿಡಿಸಿ, ಬೆರಳಿನಿಂದ ನಡುವಿನ ಗೆರೆಯನ್ನು ತಡವಿ, "ಆವತ್ತಿನ್ ಥರ ಇಡೋ ಒಂದ್ಸಲ" ಎಂದು ಕೇಳಿದರು. ಇನ್ನು ಆಗುವುದಿಲ್ಲ, ಅಂಟಿಸಿಬಿಟ್ಟಿದ್ದೇನೆ ಎಂದೆ. ಅವರು ಓಹೋ ಎಂದರು. ಆ ಓಹೋದಲ್ಲಿ ಕೋಪ ಇದ್ದಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ನಾನು ಸುಮ್ಮನೆ ಕೂರಲಿಲ್ಲ. ನಗರ್ತಪೇಟೆಯ ಗಲ್ಲಿಯೊಂದರಲ್ಲಿ ಫೋಟೋ ಪ್ರಿಂಟು ಹಾಕಿಕೊಡುವ ಅಂಗಡಿಗೆ ಹೋಗಿ, ರಟ್ಟನ್ನು ಸ್ಕ್ಯಾನ್ ಮಾಡಿಸಿ, ಎಡಬಲ ಬದಲಿಸಿ, ಆವತ್ತಿನ ತಪ್ಪನ್ನು ಇದ್ದ ಹಾಗೇ ಅಚ್ಚು ಹಾಕಿಸಿದೆ. ಅಂಗಡಿಯವನು, "ಸಾರ್, ಎರಡೂ ಸೇಮ್ ಇದೆ, ಒಂದು ತೆಗೆದು ದೊಡ್ಡದು ಮಾಡಿಕೊಡ್ಲಾ?" ಎಂದು ಕೇಳಿದ. ಬೇಡ ಎಂದೆ. ಅದನ್ನು ತೆಗೆದುಕೊಂಡು ವೈಯಾಲಿಕಾವಲ್‌ಗೆ ಓಡಿದೆ. ಅತ್ತೆ ನೋಡಿದರು. ತಲೆಯಲ್ಲಾಡಿಸಿದರು. "ಇದೂ ಅಲ್ಲ ಕಣೋ. ಬಿಡು, ಪಾಪ, ಎಷ್ಟು ಓಡಾಡ್ತೀಯ" ಎಂದರು. ಮ್ಯಾಟ್ ಕಾಗದ ಸರಿಯಿಲ್ಲವೇನೋ ಎಂದು ಹೊಳಪು ಕಾಗದದಲ್ಲಿ ಹಾಕಿಸಿದೆ. ಕುಂಕುಮ ತೆಗೆದೂ ಹಾಕಿಸಿದೆ. ಅದನ್ನೆಲ್ಲ ಅವರು ನನ್ನ ಸಮಾಧಾನಕ್ಕೆಂದು ಒಂದೊಂದಾಗಿ ನೋಡಿ ಬದಿಗಿಟ್ಟರು. ಪೊರೆ ಇದ್ದಾಗ ಕಂಡದ್ದು ಪೊರೆ ಹೋದ ಮೇಲೆ ಕಾಣುತ್ತಿಲ್ಲವೋ, ಅಥವಾ ಆವತ್ತು ಕಂಡದ್ದಕ್ಕೂ ಕಾಗದಕ್ಕೂ ಸಂಬಂಧವೇ ಇರಲಿಲ್ಲವೋ. ಅಥವಾ ಆವತ್ತು ನಾವೆಲ್ಲ ಬಾಯಿ ಬಿಟ್ಟುಕೊಂಡು ನಿಂತಿದ್ದನ್ನು ನೋಡಿ ಏನಾದರೂ ಹೇಳಬೇಕಲ್ಲ ಎಂದು ಹೇಳಿದರೋ. ಹಾಗಿದ್ದರೆ ಮತ್ತೆ ಕೇಳುವುದೇಕೆ?

ಹೋದ ವಾರ ಧೈರ್ಯ ಮಾಡಿ ಕೇಳಿಯೇಬಿಟ್ಟೆ. ಅವರು ಹಜಾರದಲ್ಲಿ ಕೂತು, ಈಗ ದುರ್ಬೀನಿನ ಅಗತ್ಯವಿಲ್ಲದೆ, ಬರಿಗಣ್ಣಿನಲ್ಲಿ ಪಂಚಾಂಗ ನೋಡುತ್ತಿದ್ದರು. ಅತ್ತೆ, ಆವತ್ತು ನಿಮಗೆ ಏನು ಕಾಣಿಸಿತು, ಅಜ್ಜಿ ಹೇಗೆ ಕಂಡಳು, ಸ್ವಲ್ಪ ಬಿಡಿಸಿ ಹೇಳಿ ಎಂದೆ. ಅವರು ಪುಟದ ಮೇಲೆ ಬೆರಳಿಟ್ಟು ನನ್ನನ್ನು ನೋಡಿದರು.

"ಯಾಕೋ, ಬರಿಯೋಕಾ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೌದು ಎಂದೆ.

"ಹಾಗಿದ್ರೆ ಬೇಡ" ಎಂದರು, ಮತ್ತೆ ಪಂಚಾಂಗಕ್ಕೆ ಹೋದರು.

ಇಲ್ಲ ಎಂದಿದ್ದರೆ ಹೇಳುತ್ತಿದ್ದರೇ? ಅದೂ ತಿಳಿಯದು. ಅವರ ಎಡಗಣ್ಣಿಗೆ ಎಷ್ಟು ಕಾಣುತ್ತದೆ ಎಂದು ನಮ್ಮಲ್ಲಿ ಯಾರೂ ಸರಿಯಾಗಿ ಬಲ್ಲವರಿಲ್ಲ. ಆವತ್ತು ಆ ಕಿಟಕಿಯ ಬೆಳಕಿನಲ್ಲಿ, ನಾನು ತಪ್ಪಾಗಿ ಇಟ್ಟ ಚಿತ್ರದಲ್ಲಿ, ಸರಸತ್ತೆ ಯಾರನ್ನು ನೋಡಿದರು ಎಂಬುದು ನನಗೆ ಗೊತ್ತಿಲ್ಲ.